ಅತ್ಯಾನ ರಕ್ತ ಶಾಕವ್ರತ ಹಿಡಿದ ತಿಂಗಳು

ಮಂದಿಯ ನಡಿಗೆ ಕದ್ದು ಹೊಟ್ಟೆ ಹೊರೆಯುವವನು ನಾನು. ಲಕ್ವಾ ಹೊಡೆದವರಿಗೆ ಮತ್ತೆ ಏಳುವುದು, ನಿಲ್ಲುವುದು, ನಡೆಯುವುದನ್ನು ಕಲಿಸುವ ಫಿಜಿಯೋಥೆರಪಿಸ್ಟ್ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ದಿನಕ್ಕೊಂದು ತಾಲೂಕಿನ ದವಾಖಾನೆ ಸುತ್ತುತ್ತೇನೆ. ರೋಗಿ ಬಂದು, ಕೂತು, ಎದ್ದು ಹೋದರೆ ಸಾಕು. ಅವರು ಬಾಗಿಲು ದಾಟಿದ ಕೂಡಲೇ ನಾನು ಅವರಂತೆಯೇ ನಡೆದು ನೋಡುತ್ತೇನೆ. ಹೆಗಲನ್ನು ಅವರಂತೆ ಜೋತುಬಿಡುತ್ತೇನೆ, ಕಾಲನ್ನು ಅವರಂತೆ ಸುತ್ತು ಬೀಸಿ ಇಡುತ್ತೇನೆ. ಎಲ್ಲಿ ನನ್ನ ಮೈ ತಕರಾರು ತೆಗೆಯುತ್ತದೋ ಅಲ್ಲಿ ಅವರ ಯಾವ ಸ್ನಾಯು ಸೋತಿದೆ ಎಂಬುದು ತಿಳಿಯುತ್ತದೆ. ಶಾಲೆಯಲ್ಲಿ ಇದೇ ವಿದ್ಯೆಗೆ ಹೆಡ್‌ಮಾಸ್ತರರು ಬೆನ್ನು ಕೆಂಪಗೆ ಮಾಡಿದ್ದರು. ಈಗ ಇದಕ್ಕೇ ಪಗಾರ ಕೊಡುತ್ತಾರೆ.

ಮುದ್ದೇಬಿಹಾಳದಲ್ಲಿ ಒಮ್ಮೆ ತಂಗಡಗಿಯ ಹಿರಿಯರೊಬ್ಬರು ಮರೆತ ಟವೆಲ್ಲು ಒಯ್ಯಲು ತಿರುಗಿ ಬಂದರು. ನಾನು ಅವರ ನಡಿಗೆಯಲ್ಲಿ ಕೋಣೆಯ ನಟ್ಟನಡುವೆ ಇದ್ದೆ.

"ಏನೋ ತಮ್ಮಾ, ನಿನಗೂ ಹೊಡೀತೇನು?"

"ಇಲ್ರಿ ಕಾಕಾ. ನಿಮ್ಮ ಕಾಲು ಒಂದೀಟು ಕಡಾ ತಗೊಂಡೇನಿ."

"ತಗೋ ತಗೋ. ತಿರುಗಿ ಕೊಡೂ ಮುಂದ ರಿಪೇರಿ ಮಾಡಿ ಕೊಡು."

ನನ್ನ ನಡಿಗೆಯೊಂದನ್ನು ಮಾತ್ರ ನನಗೆ ಅಣಕಿಸಲು ಬರುವುದಿಲ್ಲ. ಅದನ್ನು ಆಯಿ, ಎಂದರೆ ನಮ್ಮಮ್ಮ, ಮಾಡಿ ತೋರಿಸುತ್ತಾಳೆ: ಕಾದ ಹಂಚಿನ ಮೇಲೆ ಇಳಿದ ಬಾತುಕೋಳಿಯಂತೆ. ಬಂಧುಗಳೆಲ್ಲ ಥೇಟ್ ಹಾಗೆಯೇ ಎಂದು ಒಪ್ಪಿದ್ದಾರೆ.

ನಾನು ಕೆಲಸ ಮಾಡುವುದು ಒಂದು ಸಂಶೋಧನೆಯ ತಂಡದಲ್ಲಿ. ತಂಡದ ಹಿರಿಯರು ಮೈಸೂರು ಕಡೆಯ ಡಾಕ್ಟರು, ಎಲ್ಲರಿಗೂ ಮೇಡಂ. ಗುಳಿಗೆ ನುಂಗಿದ ಮೇಲೆ ಅದು ಮೈಯೊಳಗೆ ಏನಾಗುತ್ತದೆ, ಯಾರ ಮೈ ಅದನ್ನು ಬೇಗ ಅರಗಿಸಿ ಹೊರಗೆ ಹಾಕುತ್ತದೆ, ಯಾರ ಮೈ ತಡಮಾಡುತ್ತದೆ, ಅದೇ ಅವರ ಧ್ಯಾನ. ಒಂದೇ ಗುಳಿಗೆ, ಒಂದೇ ಪ್ರಮಾಣ. ಸಿಂದಗಿಯವರೊಬ್ಬರಿಗೆ ಸಾಲದು, ಝಳಕಿಯವರೊಬ್ಬರಿಗೆ ಮಿತಿಮೀರಿದ್ದು. ಯಾಕೆ? ಈ "ಯಾಕೆ"ಯನ್ನು ಬೆನ್ನಟ್ಟಿ ಆ ಪುಣ್ಯಾತಗಿತ್ತಿ ಮೈಸೂರಿನ ತಂಪು ಬಿಟ್ಟು ನಮ್ಮ ಬಿಸಿಲಿಗೆ ಬಂದಿದ್ದಾರೆ. ಅವರ ದನಿ ನನಗೆ ಮೊದಲ ದಿನವೇ ಸಿಕ್ಕಿತು. "ಹೌದಾ? ಸ್ವಲ್ಪ ಬಿಡಿಸಿ ಹೇಳ್ತೀರಾ?" ಎಂದು ಮೂಗಿನ ತುದಿಗೆ ಕನ್ನಡಕ ಇಳಿಸಿ ಅವರು ಕೇಳಿದರೆ, ಸಿಂದಗಿಯ ಅಜ್ಜಿಯರು, "ಏನ್ ಬಿಡಸಬೇಕ್ರಿ, ಸೇಂಗಾ ಏನು?" ಎಂದು ತಿರುಗಿ ಕೇಳುತ್ತಾರೆ. ನಾನು ಅವರ ದನಿಯಲ್ಲಿ ಊಟದ ಹೊತ್ತಿಗೆ ನರ್ಸ್‌ಗಳನ್ನು ಕರೆದು ಓಡಾಡಿಸಿದ್ದೂ ಉಂಟು. ಮೇಡಂಗೆ ತಿಳಿದ ದಿನ, "ನನ್ನ ಧ್ವನಿ ಅಷ್ಟು ಕೀರಲಾ?" ಎಂದಷ್ಟೇ ಕೇಳಿ ನಕ್ಕರು. ಅಂಥವರನ್ನು ಅಣಕಿಸುವುದರಲ್ಲಿ ಮಜಾ ಕಡಿಮೆ.

ಆ ವರ್ಷ ನನ್ನ ಕೈಗೆ ಬಂದ ರೋಗಿಗಳಲ್ಲಿ ಒಬ್ಬಳು ನನ್ನ ಸ್ವಂತ ಅತ್ಯಾ.

ಅತ್ಯಾ ನಮ್ಮಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ಇಂಡಿಯ ನಮ್ಮ ಮನೆಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು, ನಮ್ಮನ್ನೆಲ್ಲ ಆಳುವವಳು. ನಮ್ಮದು ವೈಷ್ಣವರ ಮನೆ, ಎರಡು ಭಾಷೆಯದು. ಅತ್ಯಾನಿಗೆ ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ, ಎರಡೂ ಕೂಡಿ ಬಂದರೆ ನನ್ನನ್ನು "ಮಂಗ್ಯಾ" ಅನ್ನುತ್ತಾಳೆ. ಮನೆಯೊಳಗೆ ನಾವು "ಅದ" ಅನ್ನುವವರು, ಹೊಸ್ತಿಲು ದಾಟಿದರೆ ಊರೆಲ್ಲ "ಐತಿ". ನನ್ನ ನಾಲಿಗೆ ಎರಡು ದನಿಗೆ ಹೊರಳಿದ್ದು ಅಲ್ಲಿಯೇ ಇರಬೇಕು.

ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅತ್ಯಾನ ಹೃದಯದೊಳಗಿನ ಒಂದು ಬಾಗಿಲನ್ನು ಸಣ್ಣದು ಮಾಡಿ ಹೋಗಿತ್ತಂತೆ. ಅದು ಯಾರಿಗೂ ತಿಳಿದಿರಲಿಲ್ಲ. ಬಾಗಿಲು ಸಣ್ಣದಾದಲ್ಲಿ ರಕ್ತ ನಿಂತು ಹೆಪ್ಪುಗಟ್ಟಿತು; ಒಂದು ದೀಪಾವಳಿಯ ಮುಂದೆ ಆ ಹೆಪ್ಪಿನ ಒಂದು ಚೂರು ಮೆದುಳಿಗೆ ಹೋಗಿ ಕೂತಿತು. ಚಕ್ಕುಲಿ ಒತ್ತುತ್ತಿದ್ದವಳ ಬಲಗೈ ಒರಳಿನ ಮೇಲೇ ಸೋತು ಬಿತ್ತು. ಬಲಗಾಲೂ ಹಿಂದೆಯೇ ಸೋತಿತು. ಮಾತು ಮಾತ್ರ ಉಳಿಯಿತು. ಅದು ಹೋಗುವಂಥದಲ್ಲ ಎಂದು ಅಪ್ಪ ಆ ದುಃಖದಲ್ಲೂ ಹೇಳಿದ.

ಆಕೆಯ ಮುಂದೆ ಮೇಜಿನ ಮೇಲೆ ನಾನು ಒಂದು ಕನ್ನಡಿ ನಿಲ್ಲಿಸಿದೆ. ಸೋತ ಬಲಗೈ ಕನ್ನಡಿಯ ಹಿಂದೆ, ಗಟ್ಟಿ ಎಡಗೈ ಮುಂದೆ. ಎಡಗೈ ಆಡಿಸಿದರೆ ಕನ್ನಡಿಯಲ್ಲಿ ಕಾಣುವುದು ಬಲಗೈ ಆಡಿದಂತೆ. ಮೆದುಳು ಅದನ್ನು ನೋಡಿ, ಇದು ಇನ್ನೂ ಬದುಕಿದೆ ಎಂದು ಸೋತ ಕೈಗೆ ಹೊಸ ದಾರಿ ಹುಡುಕುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದುಕೊಂಡಿದ್ದೆ. ನಂಬಿರಲಿಲ್ಲ.

"ಇದೇನ್ ಆಟ ಹಚ್ಚೀಯೋ ಮಂಗ್ಯಾ?"

"ಅತ್ಯಾ, ಮಾತಾಡಬ್ಯಾಡ. ಕನ್ನಡ್ಯಾಗಿನ ಕೈ ನೋಡು, ಬೆರಳು ಮಡಚು."

ಅವಳು ಮಡಚಿದಳು, ಬಿಚ್ಚಿದಳು. ದಿನವೂ ಹಾಗೆಯೇ. ಹಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಕನ್ನಡಿಯ ಹಿಂದೆ ಹೆಣದಂತೆ ಬಿದ್ದಿದ್ದ ಕೈಯ ತೋರುಬೆರಳು, ಮಲಗಿದ ಹಸುಗೂಸು ನಿದ್ದೆಯಲ್ಲಿ ಮಿಸುಕಿದಂತೆ, ಇಷ್ಟೇ ಇಷ್ಟು ಮಿಸುಕಿತು. ಅತ್ಯಾನಿಗೆ ಕಾಣಿಸಲಿಲ್ಲ, ನನಗೆ ಕಂಡಿತು. ನಾನು ಇಷ್ಟು ವರ್ಷ ಅಣಕಿಸಿ ಮಂದಿಯನ್ನು ನಗಿಸಿದ್ದೆ, ಅಳಿಸಿದ್ದೆ. ಒಂದು ಗಾಜಿನ ತುಂಡು ಅಣಕಿಸಿ ಸತ್ತ ಬೆರಳನ್ನು ಎಬ್ಬಿಸಿತ್ತು.

ನಾನು ಹೇಳಿದಾಗ ಅತ್ಯಾ, "ಅಂದ್ರ ಕನ್ನಡಿ ನಿನಗಿಂತ ಛಲೋ ಅಣಕಸ್ತದ" ಅಂದಳು.

ಬೆರಳಿಗೆ ಬಲ ಬರಲೆಂದು ಹಿಸುಕಲು ರಬ್ಬರಿನ ಚೆಂಡು ಕೊಟ್ಟರೆ, ಮಡಿಯಲ್ಲಿ ಅದನ್ನು ಮುಟ್ಟುವುದಿಲ್ಲ ಎಂದು ಎಸೆದಳು. ಅರಳೆ ತರಿಸಿಕೊಂಡು ಹೂಬತ್ತಿ ಮಾಡಲು ಕೂತಳು. ಹೆಬ್ಬೆರಳು, ತೋರುಬೆರಳ ನಡುವೆ ಅರಳೆ ಹಿಡಿದು ತಿರುವುವುದಕ್ಕಿಂತ ಒಳ್ಳೆಯ ವ್ಯಾಯಾಮ ನನ್ನ ಪುಸ್ತಕದಲ್ಲೂ ಇರಲಿಲ್ಲ. ಮೊದಮೊದಲು ಅವಳ ಬತ್ತಿಗಳು ತಲೆಯಿಲ್ಲದ ಮೂಲಂಗಿಯಂತೆ ಇದ್ದವು. ಹೋಳಿಯ ಹೊತ್ತಿಗೆ ದೇವರ ಮುಂದೆ ನೆಟ್ಟಗೆ ನಿಂತು ಉರಿಯತೊಡಗಿದವು.

ಇತ್ತ ಹೃದಯದಲ್ಲಿ ಮತ್ತೆ ಹೆಪ್ಪು ಕಟ್ಟಬಾರದೆಂದು ಮೇಡಂ ಒಂದು ಗುಳಿಗೆ ಕೊಟ್ಟಿದ್ದರು. ಊರ ಮಂದಿ ಅದನ್ನು ರಕ್ತ ತಿಳಿ ಮಾಡುವ ಗುಳಿಗೆ ಎನ್ನುತ್ತಾರೆ. ಭಾಳ ನಾಜೂಕಿನದು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿ ಒಂದು ಅಂಕಿ ನೋಡುತ್ತಾರೆ. ಅದು ಎರಡು, ಮೂರರ ನಡುವೆ ಇರಬೇಕು. ಹೊಸ ತರಹದ ಗುಳಿಗೆಗಳು ಬಂದಿವೆ, ಆದರೆ ಅತ್ಯಾನಂಥ ಹೃದಯದ ಬಾಗಿಲಿಗೆ ಹಳೆಯದೇ ಆಗಬೇಕಂತೆ. ಹಲವು ಸಲ ಏರಿಸಿ ಇಳಿಸಿ ಮೇಡಂ ಅವಳಿಗೆ ತಕ್ಕ ಪ್ರಮಾಣ ಹುಡುಕಿದರು. ಅದು ಉಳಿದವರಿಗಿಂತ ದೊಡ್ಡದಾಗಿಯೇ ಇತ್ತು. ಔಷಧ ಅರಗಿಸುವ ಗುಣ ಹುಟ್ಟಿನಿಂದ ಹೇಗೆ ಬಂದಿದೆ ಎಂದು ತೋರಿಸುವ ಪರೀಕ್ಷೆಯನ್ನೂ ಮಾಡಿಸಿದ್ದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಇರಲಿ, ಅಂಕಿ ಸರಿಯಾಗಿ ನಿಂತಿತು, ಬೇಸಿಗೆ ಪೂರ್ತಿ ನಿಂತೇ ಇತ್ತು.

ಆಷಾಢ ಮುಗಿಯುತ್ತ ಶ್ರಾವಣ ಹತ್ತಿರ ಬಂದಾಗ ಒಂದು ಮುಂಜಾನೆ ಅತ್ಯಾ ಹಲ್ಲುಜ್ಜಿ ಉಗುಳಿದ್ದು ಕೆಂಪಗಿತ್ತು. ಬಾಗಿಲ ಚೌಕಟ್ಟಿಗೆ ಮೆಲ್ಲಗೆ ತಾಗಿದ್ದ ತೋಳಿನ ಮೇಲೆ ಬದನೆಕಾಯಿ ಬಣ್ಣದ ಕಲೆ ಮೊಣಕೈಯಿಂದ ಮೇಲಕ್ಕೆ ಹಬ್ಬಿತ್ತು. ಇಂಡಿಯ ದವಾಖಾನೆಗೆ ಒಯ್ದೆ. ಅಂಕಿ ಆರು ದಾಟಿತ್ತು.

ಮೇಡಂ ಓಡಿ ಬಂದರು. ತಕ್ಷಣ ಗುಳಿಗೆ ನಿಲ್ಲಿಸಿದರು. ಕೂತು ಒಂದೊಂದೇ ಕೇಳಿದರು.

"ಅಮ್ಮ, ಬೇರೆ ಏನಾದ್ರೂ ಮಾತ್ರೆ ತಗೊಂಡ್ರಾ? ನೋವಿಗೆ, ಜ್ವರಕ್ಕೆ?"

"ಇಲ್ರಿ ಡಾಕ್ಟರಬಾಯಿ."

"ಕಷಾಯ, ಲೇಹ್ಯ, ಯಾರೋ ಕೊಟ್ಟ ಪುಡಿ?"

"ಇಲ್ರಿ."

"ಒಂದು ದಿನ ಮರೆತು, ಮಾರನೇ ದಿನ ಎರಡು ನುಂಗಿದ್ದೇನಾದ್ರೂ?"

"ನನಗ ಕೈ ಸೋತಿತ್ತರಿ, ತಲಿ ಸೋತಿಲ್ಲ."

"ಊಟದಲ್ಲಿ ಏನಾದ್ರೂ ಬದಲಾವಣೆ?"

"ಏನೂ ಇಲ್ರಿ. ಪ್ರತಿ ವರ್ಷ ಹ್ಯಾಂಗೋ ಹಂಗ."

ನಾನು ಪಕ್ಕದಲ್ಲೇ ನಿಂತಿದ್ದೆ. ಅಪ್ಪನೂ ನಿಂತಿದ್ದ. ಇಬ್ಬರೂ ಹೌದು ಹೌದು ಎಂದು ತಲೆ ಆಡಿಸಿದೆವು.

ಮೇಡಂ ನನ್ನನ್ನು ಹೊರಗೆ ಕರೆದು ಹೇಳಿದರು. ಅವರ ದನಿಯಲ್ಲಿ ಆವತ್ತು ಅಣಕಿಸುವಂಥದು ಏನೂ ಉಳಿದಿರಲಿಲ್ಲ. "ಮಾತ್ರೆ ಕೊಟ್ರೆ ಮೆದುಳಲ್ಲಿ ರಕ್ತ ಸೋರಬಹುದು. ಕೊಡದೇ ಇದ್ರೆ ಮತ್ತೆ ಸ್ಟ್ರೋಕ್ ಆಗಬಹುದು. ಈ ಸಲ ಆದ್ರೆ ಕೈ ಒಂದೇ ಹೋಗೋದಿಲ್ಲ. ಯಾಕೆ ಏರಿತು ಅನ್ನೋದು ಸಿಗೋವರೆಗೆ ನಾನು ಕತ್ತಲಲ್ಲಿ ಅಳೆದು ಕೊಡ್ತಿದ್ದೀನಿ, ಅಷ್ಟೇ. ನಾಳೆ ಸಿಂದಗಿ ಮುಗಿಸ್ಕೊಂಡು ನಿಮ್ಮನೆಗೆ ಬರ್ತೀನಿ. ಅವರು ಬದುಕೋ ಜಾಗ ನೋಡಬೇಕು."

ಮರುದಿನ ಸಿಂದಗಿಯಿಂದ ಮೇಡಂ ನನ್ನ ಜೊತೆಯೇ ಬಂದರು. ಬಂದವರು ಅಡುಗೆಮನೆ, ನೀರಿನ ಹಂಡೆ, ಗುಳಿಗೆಯ ಡಬ್ಬಿ, ಕಿಟಕಿಯ ಬಿಸಿಲು ಎಲ್ಲ ನೋಡಿದರು. ಅವರು ಹಿತ್ತಲಿಗೆ ಹೋದರೆ ಆಯಿ ಹಿತ್ತಲಿಗೆ, ನಡುಮನೆಗೆ ಬಂದರೆ ಆಯಿ ನಡುಮನೆಗೆ. ಕಡೆಗೆ ಆಯಿಗೆ ತಡೆಯಲಾಗಲಿಲ್ಲ.

"ಎಲ್ಲಾ ಆಮ್ಯಾಲೆ ನೋಡೀರಂತ. ಮೊದಲ ಊಟಕ್ಕ ಏಳ್ರಿ."

ತಾಟಿನಲ್ಲಿ ಅನ್ನ, ಹೆಸರುಬೇಳೆಯ ತೊವ್ವೆ, ತುಪ್ಪ, ಒಣಮಾವಿನ ಪುಡಿ ಮತ್ತು ಕರಿಮೆಣಸು ಹಾಕಿದ ಸಾರು, ಉದ್ದಿನ ವಡೆ, ಗಟ್ಟಿ ಮೊಸರು, ಪಾಯಸ. ಮೇಡಂ ಖುಷಿಯಾಗಿ ಉಂಡರು. ಸಾರು ಎರಡನೇ ಸಲ ಹಾಕಿಸಿಕೊಂಡರು. ಬೆರಳಿನಿಂದ ಸಾರು ಕಲಸುತ್ತಿದ್ದವರು ಕೈ ನಿಲ್ಲಿಸಿದರು. ತಾಟಿನ ಆ ತುದಿಯಿಂದ ಈ ತುದಿಗೆ ಕಣ್ಣಾಡಿಸಿದರು. ನಮ್ಮ ತಾಟುಗಳನ್ನೂ ನೋಡಿದರು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು.

"ಪಲ್ಯ ಖಾಲಿಯಾಯ್ತಾ?"

ಆಯಿಗೆ ನಾಚಿಕೆಯಾಯಿತು. "ಖಾಲಿ ಆಗಿಲ್ರಿ. ಈ ತಿಂಗಳ ಮಾಡಂಗಿಲ್ಲ."

"ಸಾರಲ್ಲಿ ಕರಿಬೇವು, ಕೊತ್ತಂಬರಿ?"

"ಅದೂ ಇಲ್ರಿ. ಸೊಪ್ಪು, ಕಾಯಿಪಲ್ಯ, ಹಣ್ಣು, ಹುಣಸಿಹಣ್ಣು, ಮೆಣಸಿನಕಾಯಿ ಏನೂ ಇಲ್ಲ. ಶಾಕವ್ರತ ಅಲ್ಲೇನ್ರಿ."

ನಮ್ಮಲ್ಲಿ ಚಾತುರ್ಮಾಸ ಎಂದರೆ ತಿಂಗಳಿಗೊಂದು ಬಿಡುವುದು. ಆಷಾಢದ ಏಕಾದಶಿಯಿಂದ ಮೊದಲ ತಿಂಗಳು ಸೊಪ್ಪು ತರಕಾರಿ ಬಿಡುತ್ತೇವೆ, ಎರಡನೆಯ ತಿಂಗಳು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ಬೇಳೆಕಾಳು. ನಾನು ಹುಟ್ಟಿದಾಗಿನಿಂದ ಇದನ್ನು ಉಂಡೂ ಉಂಡೂ, ಗೊಣಗೀ ಗೊಣಗೀ ಬೆಳೆದವನು. ಆ ತಿಂಗಳು ಪೂರ್ತಿ ದವಾಖಾನೆಯ ಮುಂದಿನ ಗಾಡಿಯಲ್ಲಿ ಮಿರ್ಚಿ ಭಜಿ ತಿಂದು ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದೆ. ಅಷ್ಟು ಗೊಣಗಿದವನಿಗೂ ಇದು ಬದಲಾವಣೆ ಎಂದು ಹೊಳೆದಿರಲಿಲ್ಲ.

"ಅಮ್ಮ, ಊಟ ಏನಾದ್ರೂ ಬದಲಾಗಿದೆಯಾ ಅಂತ ಕೇಳಿದ್ನಲ್ಲ?"

"ಕೇಳಿದ್ರಿ. ಬದಲಾಗಿಲ್ಲಲ್ಲ! ನನಗ ಬುದ್ಧಿ ಬಂದಾಗಿಂದ ಈ ತಿಂಗಳ ಇದ ಊಟ."

"ಬೇರೆ ತಿಂಗಳಲ್ಲಿ ಸೊಪ್ಪು ಎಷ್ಟು ತಿಂತೀರಿ?"

ಅದಕ್ಕೆ ಉತ್ತರ ಕೊಡಲು ಅತ್ಯಾನಿಗೆ ಬಾಯಿ ಸಾಲದು. ಮೆಂತ್ಯೆ, ರಾಜಗಿರಿ, ಪುಂಡಿಪಲ್ಯ, ಸಬ್ಬಸಗಿ ಎಂದು ಅಪ್ಪ ಶುರು ಮಾಡಿದ, ಹಕ್ಕರಕಿ ಎಂದು ಆಯಿ ಸೇರಿಸಿದಳು. ರೊಟ್ಟಿಯ ಜೊತೆ ಹಸಿಯಾಗಿಯೇ ಹಿಡಿ ಹಿಡಿ ಅಗಿಯುವವಳು ಅತ್ಯಾ. ನಾವು ಅವಳನ್ನು ಮನೆಯ ಆಡು ಎಂದು ಹಾಸ್ಯ ಮಾಡುತ್ತೇವೆ. ಎಂದರೆ, ನಾನು ಮಾಡುತ್ತೇನೆ.

ಮೇಡಂ ಕೈಯಲ್ಲಿದ್ದ ತುತ್ತು ಹಾಗೇ ಒಣಗಿತು. ಅವರು ವಿವರಿಸಿದ್ದನ್ನು ನಾನು ಇಂದಿಗೂ ಅವರದೇ ದನಿಯಲ್ಲಿ ಹೇಳಬಲ್ಲೆ, ಆದರೆ ನಗಿಸಲು ಹೇಳುವುದಿಲ್ಲ. ನಮ್ಮ ಲಿವರ್ ಇದೆಯಲ್ಲ, ಅದು ಹಸಿರು ಎಲೆಯಲ್ಲಿರುವ ಒಂದು ಸತ್ವ ಹಿಡಿದು ರಕ್ತ ಹೆಪ್ಪುಗಟ್ಟಲು ಬೇಕಾದ ಸಾಮಾನು ತಯಾರಿಸುತ್ತದೆ. ಗುಳಿಗೆ ಹೋಗಿ ಆ ಸತ್ವ ದಕ್ಕದಂತೆ ಅಡ್ಡ ನಿಲ್ಲುತ್ತದೆ. ಎಲೆ ಆ ಕಡೆಗೆ ಜಗ್ಗುತ್ತದೆ, ಗುಳಿಗೆ ಈ ಕಡೆಗೆ. ಅತ್ಯಾ ಎಲೆಯ ಕಡೆ ಆಡಿನಂತೆ ಜಗ್ಗುತ್ತಿದ್ದಳು, ಅದಕ್ಕೇ ಅವಳಿಗೆ ಗುಳಿಗೆ ಅಷ್ಟು ದೊಡ್ಡದು ಬೇಕಾಗಿತ್ತು. ಆಷಾಢದ ಏಕಾದಶಿಯಂದು ಎಲೆ ಹಗ್ಗ ಬಿಟ್ಟಿತು. ಗುಳಿಗೆ ಜಗ್ಗುತ್ತಲೇ ಇತ್ತು.

ನಾನು ಅತ್ಯಾನ ಹೊಟ್ಟೆಯ ಬಲಭಾಗ ನೋಡುತ್ತ ಕೂತೆ, ಅಲ್ಲಿ ಏನೋ ಕಾಣಿಸುವಂತೆ. ಪಂಚಾಂಗ ಗೋಡೆಯ ಮೇಲೆ ನೇತಾಡುತ್ತದೆ ಎಂದು ನಾವು ತಿಳಿದಿದ್ದೆವು. ಅದು ಅವಳ ಮೈಯೊಳಗೂ ಹೋಗಿ ಕೂತಿತ್ತು. ಎಂದೂ ಹೊರಗೆ ಕಾಣದ ಒಂದು ಅಂಗ, ಯಾರೂ ಹೇಳದೆ, ತಿಥಿ ಹಿಡಿದು ತನ್ನ ಕೆಲಸ ಬದಲಿಸಿತ್ತು.

ಅತ್ಯಾ ಮಾತ್ರ ಬೆರಗಾಗಲಿಲ್ಲ. ಅವಳ ಮುಖ ಸಣ್ಣದಾಗಿತ್ತು.

"ಅಂದ್ರ ವ್ರತ ಬಿಡ್ಬೇಕಂತೀರಿ."

ಅಪ್ಪ ಅವಸರದಲ್ಲಿ, "ಬಿಟ್ಟರ ದೋಷ ಇಲ್ಲ ಅಕ್ಕಾ. ಬ್ಯಾನಿ ಇದ್ದವ್ರಿಗೆ ವಿನಾಯ್ತಿ ಅದ" ಅಂದ.

"ನೀ ಗಪ್ಪ ಕೂಡು" ಎಂದಳು ಅತ್ಯಾ. ಆಮೇಲೆ ಮೇಡಂ ಕಡೆ ತಿರುಗಿದಳು. "ಡಾಕ್ಟರಬಾಯಿ, ನನ್ನ ಲಗ್ನ ಅಪ್ಪ ಮಾಡಿದ. ಗಂಡನ್ನ ದೇವರು ಕರಕೊಂಡ. ತಮ್ಮ ಇಲ್ಲಿ ಕರಕೊಂಡು ಬಂದ. ಎಲ್ಲಾ ಮಂದಿನ ನಡಸ್ಯಾರ. ನಾ ಆಗಿ ನಾ ಹಿಡಿದದ್ದು ಇದೊಂದ. ಕೈ ಸೋತಾಗೂ ಇದು ಸೋತಿಲ್ಲ. ಇದನ್ನ ಬಿಟ್ಟು ಉಳಿದು ಏನ್ ಮಾಡ್ಲಿ?"

ಆ ಮಾತಿಗೆ ಮೇಡಂ ಉಪದೇಶ ಮಾಡಲಿಲ್ಲ. ಒಣಗಿದ ತುತ್ತನ್ನು ತಾಟಿನಲ್ಲಿಟ್ಟು ಹೇಳಿದರು: "ಬಿಡಿ ಅಂತ ನಾನು ಹೇಳ್ಲಿಲ್ಲ. ನೀವು ವ್ರತ ಮಾಡಿ. ಮಾತ್ರೆ ಕೈಲೂ ಮಾಡ್ಸೋಣ. ನೀವು ಸೊಪ್ಪು ಬಿಟ್ಟಷ್ಟು ದಿನ ಅದೂ ಸಣ್ಣದಾಗ್ಲಿ. ಆದ್ರೆ ವಾರಕ್ಕೆರಡು ಸಲ ರಕ್ತ ಕೊಡಬೇಕು."

ಅತ್ಯಾ ಅವರನ್ನೇ ನೋಡಿದಳು. "ರಕ್ತ ತಗೋರಿ," ಅಂದಳು, "ಅದಕ್ಕೇನು ವ್ರತ ಇಲ್ಲ."

ಸಂಜೆ ಮೇಡಂರನ್ನು ಬಿಡಲು ಝಳಕಿಯವರೆಗೆ ಹೋದೆ. ಹೆದ್ದಾರಿಯ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅವರು ನಗುತ್ತಿದ್ದರು, ಒಗಟು ಬಿಡಿಸಿದ ಹುಡುಗಿಯಂತೆ. ಬಾಗೇವಾಡಿಯ ನಿವೃತ್ತ ಮಾಸ್ತರರೊಬ್ಬರ ಅಂಕಿಯೂ ಇದೇ ವಾರ ಏರಿತ್ತು ಎಂಬುದು ನೆನಪಾಗಿ, ಅಲ್ಲಿಂದಲೇ ನನ್ನ ಕೈಲಿ ಫೋನ್ ಹಚ್ಚಿಸಿದರು.

"ಸರ, ನಿಮ್ಮನ್ಯಾಗ ಶಾಕವ್ರತ ಮಾಡ್ತೀರೇನ್ರಿ?"

"ಮಾಡ್ಲಿಕತ್ತೇವಲ್ಲ. ಯಾಕ?"

"ಹೇಳಬೇಕಿತ್ತಲ್ರಿ ನಮಗ!"

"ನೀವು ಔಷಧದ ಮಂದಿ. ದೇವರ ವಿಚಾರ ನಿಮಗ್ಯಾಕ ಹೇಳಬೇಕ್ರಿ?"

ಅವರ ಗುಳಿಗೆಯ ಬಗ್ಗೆ ಮೇಡಂ ತಾವೇ ಮಾತಾಡಿ ಫೋನ್ ಇಟ್ಟರು. ಆಮೇಲೆ ಸುಮ್ಮನೆ ಮಾತಿಗೆ ಕೇಳಿದಂತೆ, "ವ್ರತ ಮುಗಿದ ದಿನ ಏನು ತಿಂತೀರಾ?" ಎಂದರು.

ನನಗೆ ಇಷ್ಟು ಸಿಕ್ಕರೆ ಸಾಕು. ಕೂತಿದ್ದ ಬಾಕಿನ ಮೇಲೇ ಪದ್ಮಾಸನ ಹಾಕಿ ಅತ್ಯಾ ಆದೆ. ಇಲ್ಲದ ಸೆರಗು ಸೊಂಟಕ್ಕೆ ಸಿಗಿಸಿದೆ. "ದ್ವಾದಶಿ ಬಂತವ್ವಾ! ಅಗಸಿಸೊಪ್ಪಿನ ಪಲ್ಯ ತಾ, ಮೆಂತ್ಯೆ ತಾ, ರಾಜಗಿರಿ ತಾ, ಇಷ್ಟ ಯಾಕ ಹಾಕ್ತೀ, ಕೈ ಸಣ್ಣ ಆತೇನು? ಹಾಕು, ಹಾಕು!" ಎಂದು ಎರಡೂ ಕೈಯಿಂದ ಬಾಚಿ ಬಾಚಿ ತಿಂದೆ. ಅಂಗಡಿಯವನು ನಕ್ಕ. ಲಾರಿಯ ಡ್ರೈವರ್ ನಕ್ಕ.

ಮೇಡಂ ಚಹಾದ ಕಪ್ಪು ಕೆಳಗಿಟ್ಟಿದ್ದರು.

"ಒಂದು ತಿಂಗಳು ಮಾತ್ರೆ ಸಣ್ಣದು ಮಾಡಿರ್ತೀವಿ," ಎಂದರು ನಿಧಾನವಾಗಿ. "ಆ ದಿನ ಇಷ್ಟು ಸೊಪ್ಪು ಒಮ್ಮೆಗೇ ಒಳಗೆ ಹೋದ್ರೆ?"

ನಾನು ಪದ್ಮಾಸನದಲ್ಲೇ ಇದ್ದೆ. ಹಗ್ಗದ ಆ ತುದಿಯಲ್ಲಿ ಆಡು ತಿರುಗಿ ಬಂದು ನಿಂತದ್ದು ನನಗೂ ಕಂಡಿತು. ವ್ರತದ ತಿಂಗಳಿಗಿಂತ ಅದು ಮುಗಿಯುವ ವಾರ ಕೆಟ್ಟದ್ದು. ಹೃದಯದ ಆ ಸಣ್ಣ ಬಾಗಿಲಲ್ಲಿ ಮತ್ತೆ ಹೆಪ್ಪು.

ಮೇಡಂ ಅಲ್ಲಿಂದಲೇ ಅತ್ಯಾನಿಗೆ ಮಾತಾಡಿದರು.

"ತಿನ್ನಬ್ಯಾಡಂತೀರೇನು?" ಅತ್ಯಾನ ದನಿ ಫೋನಿನ ಹೊರಗೂ ಕೇಳುತ್ತಿತ್ತು.

"ತಿನ್ನಿ ಅಮ್ಮ. ಆದ್ರೆ ಒಂದೇ ಬಟ್ಟಲು. ಮಾರನೇ ದಿನವೂ ಅಷ್ಟೇ, ಅದರ ಮಾರನೇ ದಿನವೂ ಅಷ್ಟೇ. ಮಾತ್ರೆ ಮೆಲ್ಲಗೆ ಏರಿಸ್ತಾ ಬರ್ತೀನಿ. ಎರಡೂ ಜೊತೆಜೊತೆಗೆ ಹೋಗ್ಬೇಕು."

"ಪಾರಣಿಗೆ ಅಳತಿ ಹಾಕ್ತಾರೇನ್ರಿ ಯಾರರ?"

ಫೋನ್ ಕಟ್ಟಾಯಿತು.

ಮುಂದಿನ ದಿನಗಳಲ್ಲಿ ಅವಳು ತಪ್ಪದೆ ರಕ್ತ ಕೊಟ್ಟಳು. ಅಂಕಿ ಮೆಲ್ಲಗೆ ಇಳಿದು ಎರಡು ಮೂರರ ನಡುವೆ ಬಂದು ನಿಂತಿತು. ಒಂದೆಲೆ ಹಸಿರಿಲ್ಲದೆ, ಸಣ್ಣ ಗುಳಿಗೆಯಲ್ಲಿ. ತೋಳಿನ ಬದನೆಕಾಯಿ ಹಳದಿಯಾಗಿ, ಮಾಸಿ ಹೋಯಿತು. ಆದರೆ ದ್ವಾದಶಿಯ ಮಾತು ತೆಗೆದರೆ ಅತ್ಯಾ ಮರಾಠಿಗೆ ಹೊರಳುತ್ತಿದ್ದಳು. ಏನು ಮಾಡುತ್ತಾಳೆ ಎಂಬುದು ನಮಗಾರಿಗೂ ತಿಳಿಯಲಿಲ್ಲ. ಕೇಳಲು ಧೈರ್ಯವೂ ಇರಲಿಲ್ಲ.

ದ್ವಾದಶಿಯ ಬೆಳಿಗ್ಗೆ ಅವಳು ನಮಗಿಂತ ಮೊದಲು ಎದ್ದು ಮಡಿಯುಟ್ಟು ಅಡುಗೆಮನೆ ಸೇರಿದ್ದಳು. ಲಕ್ವಾ ಹೊಡೆದ ಮೇಲೆ ಒಲೆಯ ಮುಂದೆ ಕೂತದ್ದು ಅದೇ ಮೊದಲು. ಆಯಿಯನ್ನು ಒಳಗೆ ಬಿಡಲಿಲ್ಲ. ಅಗಸೆಸೊಪ್ಪು ತಾನೇ ಸೋಸಿದಳು. ಬಲಗೈಯ ಹೆಬ್ಬೆರಳಿನಿಂದ ಒಂದೊಂದೇ ಎಲೆ ದಂಟಿನಿಂದ ಬಿಡಿಸುವುದನ್ನು ನಾನು ಬಾಗಿಲ ಹೊರಗೆ ನಿಂತು ನೋಡಿದೆ. ಎಲೆ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದಳು.

ಒಗ್ಗರಣೆ ಬಿದ್ದಾಗ ತಿಂಗಳಿನಿಂದ ಮರೆತಿದ್ದ ವಾಸನೆ ಮನೆ ತುಂಬಿತು. ಪೂಜೆ, ನೈವೇದ್ಯ ಆಯಿತು. ಎಲ್ಲರಿಗೂ ಅವಳೇ ಬಡಿಸಿದಳು. ಅಪ್ಪನ ತಾಟಿಗೆ ಗುಡ್ಡ, ನನ್ನ ತಾಟಿಗೆ ಗುಡ್ಡ. ಪಾತೇಲಿಯಲ್ಲಿ ಇನ್ನೂ ಅರ್ಧ ಇತ್ತು. ತನ್ನ ತಾಟಿನ ಮುಂದೆ ಕೂತಳು. ಸೌಟು ಎತ್ತಿದಳು. ನಾವು ಮೂವರೂ ಬಾಯಿಗೆ ತುತ್ತಿಡದೆ ಅದನ್ನೇ ನೋಡುತ್ತಿದ್ದೆವು.

"ಏನ್ ನೋಡ್ತೀರಿ? ನಾಟಕ ಹಚ್ಚೇನಿ ಏನು?"

ದೇವರ ಮನೆಯಿಂದ ಒಂದು ಸಣ್ಣ ಬೆಳ್ಳಿ ಬಟ್ಟಲು ತರಿಸಿದಳು. ದಿನವೂ ನೈವೇದ್ಯದ ಹಾಲಿಡುವ ಬಟ್ಟಲು. ಅದರೊಳಗೆ ಪಲ್ಯ ಹಾಕಿ, ಸೌಟಿನ ಬೆನ್ನಿನಿಂದ ಸಮ ಮಾಡಿ, ಮೇಲೆ ಉಳಿದದ್ದನ್ನು ಪಾತೇಲಿಗೆ ತಿರುಗಿ ಹಾಕಿದಳು. ಆಮೇಲೆ ಪಾತೇಲಿಯನ್ನೇ ಆಯಿಯ ಕಡೆ ಸರಿಸಿದಳು.

"ಒಯ್ಯಿ ಇದನ್ನ. ಕಣ್ಣ ಮುಂದಿಂದ ಒಯ್ಯಿ."

ಒಂದೊಂದೇ ಎಲೆ ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು ತಿಂದಳು. ಆ ಬಟ್ಟಲು ಮುಗಿಯುವಷ್ಟರಲ್ಲಿ ನಮ್ಮ ಗುಡ್ಡಗಳು ಕರಗಿದ್ದವು. ಕೈ ತೊಳೆಯಲು ನಾನು ನೀರು ಹಾಕಿದಾಗ ಮೆಲ್ಲಗೆ ಅಂದಳು:

"ಇಲ್ಲದಾಗ ಬಿಡೂದು ಸಸಾರ ಅದ ನೋಡೋ. ಮುಂದಿದ್ದಾಗ ಬಿಡೂದು ವ್ರತ."

ತಂಬಿಗೆ ಖಾಲಿಯಾದ ಮೇಲೂ ನಾನು ಅದನ್ನು ಬಗ್ಗಿಸಿಕೊಂಡೇ ನಿಂತಿದ್ದೆನಂತೆ.

ಆ ವಾರ ಬೆಳ್ಳಿ ಬಟ್ಟಲು ದಿನವೂ ಬಂತು. ಗುಳಿಗೆ ಮೆಲ್ಲಗೆ ಏರಿತು. ವಾರದ ಕೊನೆಗೆ ಇಂಡಿಯ ದವಾಖಾನೆಯಲ್ಲಿ ರಕ್ತ ಕೊಟ್ಟು ಬಾಕಿನ ಮೇಲೆ ಕೂತೆವು. ಆವತ್ತು ಮೇಡಂ ಬಾಗೇವಾಡಿಯಲ್ಲಿದ್ದರು. ಲ್ಯಾಬಿನಿಂದ ಅಂಕಿ ಬಂತು: ಎರಡೂವರೆ. ಎಲೆ, ಗುಳಿಗೆ ಎರಡೂ ಹಗ್ಗದ ಎರಡು ತುದಿಯಲ್ಲಿ ಸಮನಾಗಿ ನಿಂತಿದ್ದವು. ಈ ಎರಡೂವರೆಯ ಹಿಂದೆ ಒಬ್ಬ ಡಾಕ್ಟರರ ಒಣಗಿದ ತುತ್ತು, ಒಬ್ಬ ಮುದುಕಿಯ ಹಟ, ನಮಗಾರಿಗೂ ಕಾಣದೆ ದುಡಿಯುವ ಒಂದು ಅಂಗ ಎಲ್ಲ ಕೂಡಿದ್ದವು. ನನಗೆ ಕೈಮುಗಿಯಬೇಕೆನಿಸಿತು. ಯಾರಿಗೆ ಎಂದು ತಿಳಿಯದೆ ಮೇಡಂಗೆ ಫೋನ್ ಹಚ್ಚಿದೆ.

ಮೇಡಂ ಅಂಕಿಯನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ಅಮ್ಮನ ಕೈಗೆ ಕೊಡಿ" ಎಂದರು.

ಅತ್ಯಾ ಫೋನನ್ನು ಬಲಗೈಯಲ್ಲೇ ಹಿಡಿದಳು. ಅಂಕಿ ಎಷ್ಟೆಂದು ಕೇಳಲಿಲ್ಲ.

"ಡಾಕ್ಟರಬಾಯಿ, ಈಗ ಮೊಸರು ಬಿಟ್ಟೇನ್ರಿ, ಈ ತಿಂಗಳದ ವ್ರತ ಅದು. ಮೊಸರಿಗೂ ಗುಳಗಿಗೂ ಏನರ ಜಗಳ ಅದ ಏನು?"

"ಗೊತ್ತಿಲ್ಲ ಅಮ್ಮ," ಎಂದರು ಮೇಡಂ. "ಇರಲಾರದು ಅನ್ಸುತ್ತೆ. ಆದ್ರೂ ನೋಡೇಬಿಡೋಣ. ಬರೋ ವಾರ ರಕ್ತ ಕೊಡ್ತೀರಾ?"

ಅತ್ಯಾ ಆಗಲೇ ತೋಳಿನ ಮೇಲಿನ ಸೆರಗು ಪಕ್ಕಕ್ಕೆ ಸರಿಸುತ್ತಿದ್ದಳು.

"ಬರೂ ವಾರ ಯಾಕ್ರಿ," ಅಂದಳು, "ಇಲ್ಲೇ ಕೂತೇನಲ್ಲ."